ಮನೆಯಲ್ಲೇ ಕೊಯ್ದ ಮಾಂಸ: ಮೊದಲ ಎರಡು ಗಂಟೆ ಜಾಗ್ರತೆ

ಹಿಂದೆ ಕೆಡ್ಡಸ ಬಂತೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆ ಬೇಟೆಗೆ ಹೋಗುವ ಕ್ರಮ ಇತ್ತು. ಈಗ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ತೋಟದಲ್ಲಿ ಸತ್ತು ಬಿದ್ದ ಕಾಡುಹಂದಿ ಕೂಡ ಸರ್ಕಾರದ ಸೊತ್ತು. ಅದನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ನಾನಿಲ್ಲಿ ಹೇಳುವುದು ನಾವೇ ಸಾಕಿದ ಊರ ಕೋಳಿ, ಹಂದಿಯ ಮಾಂಸದ ಬಗ್ಗೆ. ಅಗೆಲಿಗೋ ಹಬ್ಬಕ್ಕೋ ಹತ್ತಿಪ್ಪತ್ತು ಕೋಳಿ ಒಟ್ಟಿಗೆ ಕೊಯ್ಯುವ ದಿನವೇ ತೊಂದರೆ ಆಗುವುದು ಜಾಸ್ತಿ. ಒಂದು ಪಾತ್ರೆ ಕೆಟ್ಟರೆ ಇಡೀ ಕುಟುಂಬಕ್ಕೆ ವಾಂತಿ-ಭೇದಿ.

ಕಾರಣ ಇಷ್ಟೇ. ಜೀವಂತ ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಅನುಕೂಲದ ಬಿಸಿ ಸಿಕ್ಕರೆ ಕೆಲವು 20 ನಿಮಿಷಕ್ಕೇ ದುಪ್ಪಟ್ಟು. ಆದ್ದರಿಂದ ಎರಡು ಗಂಟೆಯೊಳಗೆ ಮಾಂಸ ಒಲೆಗೋ ತಂಪಿಗೋ ಹೋಗಲೇಬೇಕು. ಏಪ್ರಿಲ್-ಮೇ ಸೆಕೆಯಲ್ಲಿ ಒಂದೇ ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ.

ನಾನು ಅನುಸರಿಸುವ ಕ್ರಮ ಹೀಗಿದೆ:

1. ಪುಕ್ಕ ತೆಗೆದ ಕೂಡಲೇ ಕರುಳು ತೆಗೆಯಿರಿ. ಕರುಳು ಒಡೆಯಬಾರದು. ಒಡೆದು ಹೊಲಸು ತಾಗಿದ ಭಾಗವನ್ನು ಕತ್ತರಿಸಿ ಬಿಸಾಡಿ.

2. ತೊಳೆಯಲು ಕುಡಿಯುವ ನೀರೇ ಆಗಬೇಕು. ತೋಡಿನ ನೀರು ಬೇಡ. ತೊಳೆದ ಮೇಲೆ ನೀರು ಬಸಿಯಲು ಬಿಡಿ.

3. ಬಿಸಿ ಮಾಂಸವನ್ನು ತೊಟ್ಟೆಗೆ ತುಂಬಿ ಬಾಯಿ ಕಟ್ಟಬೇಡಿ, ಶಾಖ ಒಳಗೇ ಉಳಿಯುತ್ತದೆ. ಫ್ರಿಜ್‌ಗೆ ಐದು ಕೆಜಿ ಒಂದೇ ರಾಶಿ ಇಟ್ಟರೆ ನಡುವಿನದ್ದು ತಣಿಯಲು ತುಂಬಾ ಹೊತ್ತು ಬೇಕು. ಅರ್ಧ ಕೆಜಿಯ ಚಪ್ಪಟೆ ಪೊಟ್ಟಣ ಮಾಡಿ, ನಡುವೆ ಗಾಳಿಯಾಡುವ ಹಾಗೆ ಇಡಿ.

4. ಫ್ರಿಜ್‌ನಲ್ಲಿ ಜಾಗ ಇಲ್ಲವೇ? ಮೀನಿನ ಅಂಗಡಿಯಿಂದ ಐಸ್ ತನ್ನಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೆಳಗೆ, ಮೇಲೆ, ನಡುವೆ ಐಸ್ ಹಾಕಿ. ಮಾಂಸದಷ್ಟೇ ತೂಕದ ಐಸ್ ಬೇಕು. ಕರಗಿದ ನೀರನ್ನು ಆಗಾಗ ಚೆಲ್ಲಿ.

ಉಪ್ಪು, ಅರಸಿನ ಹಚ್ಚಿಟ್ಟರೆ ಸಾಕು ಅಂತ ಹೇಳುವವರಿದ್ದಾರೆ. ಮೇಲೆ ಸವರಿದ ಮಾತ್ರಕ್ಕೆ ತಂಪಿನ ಕೆಲಸ ಆಗುವುದಿಲ್ಲ. 4 ಡಿಗ್ರಿಯ ಫ್ರಿಜ್‌ನಲ್ಲಿ ಕೋಳಿ ಎರಡು ದಿನ, ಹಂದಿಯ ತುಂಡು ಮೂರರಿಂದ ಐದು ದಿನ ಇಡಬಹುದು. ಅದಕ್ಕಿಂತ ಹೆಚ್ಚು ದಿನಕ್ಕೆ ಫ್ರೀಜರ್ ಬೇಕು.

ಮಳೆಗಾಲದಲ್ಲಿ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಂಪು ಹಿಡಿಯುತ್ತದೆ. ಒಂದು ಲೋಟ ನೀರು ಐಸ್ ಮಾಡಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ನಾಣ್ಯ ತಳಕ್ಕೆ ಹೋಗಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿತ್ತು ಅಂತ ಗೊತ್ತಾಗುತ್ತದೆ.

ಅನುಮಾನ ಬಂದ ಮಾಂಸವನ್ನು ಚೆನ್ನಾಗಿ ಬೇಯಿಸಿದರಾಯಿತು ಅನ್ನಬೇಡಿ. ಕೆಲವು ರೋಗಾಣು ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ. ಅಂಥದ್ದನ್ನು ನಾಯಿಗೂ ಹಾಕದೆ ಆಳವಾಗಿ ಹೂತುಬಿಡಿ.