ಟ್ರಕ್ಕಿನ ಮೂತಿ ಎತ್ತುವ ಮೊದಲು

ನಾವಿರುವ ಟೆಕ್ಸಾಸ್‌ನಲ್ಲಿ ಪಿಕಪ್ ಟ್ರಕ್ ಮನೆಬಳಕೆಯ ಗಾಡಿ. ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ, ಸೋಫಾ ಹೇರಿಕೊಂಡು ಬರುವುದೂ ಅದರಲ್ಲೇ. ನನ್ನದು ನಾಲ್ಕೂ ಚಕ್ರ ಎಳೆಯುವ ಫೋರ್ಡ್ ಎಫ್-150. ಪಕ್ಕದಿಂದ ನೋಡಿದರೆ ಮೂತಿ ತಗ್ಗಿ ಹಿಂಭಾಗ ಎದ್ದಿರುತ್ತದೆ. ಇದು ಕಂಪನಿಯ ಲೋಪವಲ್ಲ. ಸಾಮಾನು ತುಂಬಿದಾಗ, ಟ್ರೈಲರ್ ಕಟ್ಟಿದಾಗ ಹಿಂದಿನ ಲೀಫ್ ಸ್ಪ್ರಿಂಗ್ ಕುಗ್ಗಿ ಗಾಡಿ ಸಮಕ್ಕೆ ಬರಲಿ ಎಂದೇ ಬಿಟ್ಟ ಎತ್ತರ. ಊರಿನಲ್ಲಿ ಖಾಲಿ ಬೊಲೆರೊ ಪಿಕಪ್ ಹಿಂಭಾಗ ಎತ್ತಿಕೊಂಡು ಓಡುವುದೂ ಇದೇ ಕಾರಣಕ್ಕೆ. ಆದ್ದರಿಂದ ಸದಾ ಭಾರ ಎಳೆಯುವವರು ಮೂತಿ ಎತ್ತಿ ಗಾಡಿ ಸಮ ಮಾಡುವ ಲೆವೆಲಿಂಗ್ ಕಿಟ್ಟಿನ ಆಸೆ ಬಿಡುವುದೇ ಒಳ್ಳೆಯದು. ಮುಂಭಾಗ ಎತ್ತರಿಸಿ ಹಿಂದೆ ಹೊರೆ ಹಾಕಿದರೆ ಮೂತಿ ಆಕಾಶ ನೋಡುತ್ತದೆ.

ನಾನು ಟ್ರೈಲರ್ ಎಳೆಯುವುದಿಲ್ಲ. ಹಾಗಾಗಿ ಕಿಟ್ ತಂದು, ಬೇರೆಯವರಿಂದ ಹಾಕಿಸುವ ಬದಲು ಮನೆಯ ಗ್ಯಾರೇಜಿನಲ್ಲಿ ನಾನೇ ಹಾಕಿದೆ. ಕಿಟ್ ಎಂದರೆ ಮುಂದಿನ ಸ್ಪ್ರಿಂಗ್ ಹೊತ್ತ ಸ್ಟ್ರಟ್‌ನ ತಲೆಗೂ ಫ್ರೇಮಿಗೂ ನಡುವೆ ಕೂರುವ ಎರಡು ದಪ್ಪ ಬಿಲ್ಲೆ, ಒಂದಿಷ್ಟು ನಟ್ಟು. ಎರಡಿಂಚು ಎತ್ತರಿಸುವ ಕಿಟ್ಟಿನ ಬಿಲ್ಲೆ ಎರಡಿಂಚು ದಪ್ಪ ಇರುವುದಿಲ್ಲ. ಸ್ಟ್ರಟ್‌ನ ಬುಡ ಕೆಳಗಿನ ಕಂಟ್ರೋಲ್ ಆರ್ಮಿನ ತುದಿಯಲ್ಲಲ್ಲ, ನಡುವೆ ಕೂತಿದೆ. ಬಾಗಿಲನ್ನು ಮಧ್ಯದಲ್ಲಿ ಗೇಣು ತಳ್ಳಿದರೆ ಅಂಚು ಎರಡು ಗೇಣು ಸರಿಯುವ ಹಾಗೆ ಇಲ್ಲಿಯೂ ಬಿಲ್ಲೆಯ ದಪ್ಪಕ್ಕಿಂತ ಹೆಚ್ಚು ಎತ್ತರ ಸಿಗುತ್ತದೆ.

ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ, ಫ್ರೇಮನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕೆಳಗೆ ನುಸುಳಲೇಬಾರದು. ಚಕ್ರ ಬಿಚ್ಚಿದ ಮೇಲೆ ಎಬಿಎಸ್ ವೈರನ್ನೂ ಬ್ರೇಕ್ ಹೋಸನ್ನೂ ಕ್ಲಿಪ್ಪಿನಿಂದ ಬಿಡಿಸಿಡಿ, ಇಲ್ಲವಾದರೆ ಆರ್ಮ್ ಇಳಿಯುವಾಗ ಜಗ್ಗುತ್ತವೆ. ಮೇಲಿನ ಬಾಲ್ ಜಾಯಿಂಟ್‌ನ ನಟ್ಟನ್ನು ಪೂರ್ತಿ ತೆಗೆಯದೆ ಕೊನೆಯ ಸುತ್ತುಗಳಲ್ಲಿ ಉಳಿಸಿ, ಚಕ್ರ ಹೊತ್ತಿರುವ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಎರಡೇಟು ಕೊಟ್ಟರೆ ಸಡಿಲವಾಗುತ್ತದೆ; ಉಳಿಸಿದ ನಟ್ಟು ಅದನ್ನು ಸಿಡಿಯದಂತೆ ಹಿಡಿದಿರುತ್ತದೆ. ಆಮೇಲೆ ಸ್ಟ್ರಟ್‌ನ ಕೆಳಗಿನ ಎರಡು, ಮೇಲಿನ ಮೂರು ನಟ್ಟು.

ಜತೆಗಿದ್ದ ಅಕ್ಕನ ಮಗ ಸ್ಟ್ರಟ್‌ನ ನಟ್ಟನಡುವಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಇಟ್ಟು, "ಮಾಮ, ಇದನ್ನೂ ಬಿಚ್ಚಲಾ?" ಅಂದ.

"ಬೇಡಪ್ಪಾ, ಅದಕ್ಕೆ ಕೈ ಹಚ್ಚಬೇಡ!"

ಒತ್ತಿ ಹಿಡಿದ ಕಾಯಿಲ್ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ ನಟ್ಟು. ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಚಿಮ್ಮುತ್ತದೆ, ಜೀವಕ್ಕೇ ಅಪಾಯ. ಬಿಲ್ಲೆ ಕೂರಿಸಲು ಅದನ್ನು ಮುಟ್ಟುವ ಅಗತ್ಯವೂ ಇಲ್ಲ.

ಬಿಲ್ಲೆ ಕೂರಿಸಿದ ಮೇಲೆ ಜೋಡಿಸುವುದು ಇದೇ ಕ್ರಮ ಹಿಂದುಮುಂದಾಗಿ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ 204 ನ್ಯೂಟನ್ ಮೀಟರಿಗೆ ಬಿಗಿಯಬೇಕು, 160 ಕಿಲೋಮೀಟರ್ ಓಡುವುದರೊಳಗೆ ಇನ್ನೊಮ್ಮೆ ನೋಡಬೇಕು.

ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ. ನೇರ ಅಂಗಡಿಗೆ ಒಯ್ದು ಅಲೈನ್‌ಮೆಂಟ್ ಮಾಡಿಸಿ. ಅದಕ್ಕೆ ಕೊಡುವ ದುಡ್ಡು ಟೈರು ಸವೆದು ಹೋಗುವುದರ ಮುಂದೆ ಏನೂ ಅಲ್ಲ. ಎರಡಿಂಚಿಗಿಂತ ಮೇಲೆ ಹೋಗುವುದು ನನಗೆ ಒಪ್ಪಿಗೆಯಿಲ್ಲ: ಬಾಲ್ ಜಾಯಿಂಟು, ಚಕ್ರ ತಿರುಗಿಸುವ ಆಕ್ಸಲ್ಲು ಎರಡೂ ವಾರೆಯಾಗಿ ಬೇಗ ಸವೆಯುತ್ತವೆ. ಹೆಡ್‌ಲೈಟನ್ನೂ ಅದೇ ದಿನ ತಗ್ಗಿಸಿ. ಮೂತಿ ಎದ್ದ ಟ್ರಕ್ಕಿನ ಬೆಳಕು ಎದುರಿನ ಸಣ್ಣ ಕಾರಿನವರ ಕಣ್ಣಿಗೆ ನೇರ ಹೊಡೆಯುತ್ತದೆ.