ಸೀಟ್ ಬೆಲ್ಟ್ ಕಟ್ಟುವಷ್ಟರಲ್ಲಿ ಊರು ಬಂತು!

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳು. ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ವಿಮಾನವಿದೆ. ದೂರ? ಬರೀ 2.7 ಕಿಲೋಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಯೇ 4 ಕಿಲೋಮೀಟರ್ ಉದ್ದವಿದೆ, ಲೆಕ್ಕ ಹಾಕಿ!

ಲೋಗನೇರ್ ಕಂಪನಿ 1967ರಲ್ಲಿ ಶುರುಮಾಡಿದ ಇದು ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದರೆ ಒಂದೂವರೆ ನಿಮಿಷ ಸಾಕು. ದಾಖಲೆಯಂತೂ 53 ಸೆಕೆಂಡ್!

ದೂರ ಅಷ್ಟೇ ಇದ್ದರೂ ಸಮಯ ಏಕೆ ಬದಲಾಗುತ್ತದೆ? ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಹೋಗಬೇಕಾದ ದಿಕ್ಕಿನಿಂದ ಗಾಳಿ ಬೀಸುತ್ತಿದ್ದರೆ ಹಾದಿ ನೇರ. ಬೇರೆ ಕಡೆಯಿಂದ ಬೀಸಿದರೆ ಏರಿದ ಮೇಲೆ ತಿರುಗಬೇಕು, ಇಳಿಯುವ ಮುನ್ನ ಮತ್ತೆ ಸುತ್ತಬೇಕು. ನಕ್ಷೆಯ ದೂರವನ್ನು ವೇಗದಿಂದ ಭಾಗಿಸಿದರೆ ಸರಿಯಾದ ಉತ್ತರ ಸಿಗದಿರುವುದು ಇದಕ್ಕೇ. ದೊಡ್ಡ ವಿಮಾನಗಳಿಗೂ ಇದೇ ಕಥೆ. ಅಲ್ಲಿ ರನ್‌ವೇವರೆಗೆ ಉರುಳುವ ಸಮಯವೂ ಟಿಕೆಟ್ಟಿನ ಲೆಕ್ಕಕ್ಕೆ ಸೇರುತ್ತದೆ.

ಆರ್ಕ್ನಿಯ ಈ ಹಾದಿಯಲ್ಲಿ ಹಾರುವುದು ಐಲ್ಯಾಂಡರ್ ಎಂಬ ಪುಟ್ಟ ವಿಮಾನ, ಎಂಟೇ ಪ್ರಯಾಣಿಕರು. ಕಾಫಿ-ತಿಂಡಿಯ ಮಾತೇ ಇಲ್ಲ ಬಿಡಿ.

ಹಾಗಂತ ಇದು ಮೋಜಿನ ಸವಾರಿಯಲ್ಲ. ಪಾಪಾ ವೆಸ್ಟ್ರೇಯಲ್ಲಿರುವುದು ನೂರರೊಳಗಿನ ಜನ. ಅವರ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳೂ ರೋಗಿಗಳೂ ಓಡಾಡುವುದು ಇದರಲ್ಲೇ.