ಹತ್ತನೆಯ ತರಗತಿಯ ನಂತರ ಗಣಕ ವಿದ್ಯೆ



ಪರೀಕ್ಷೆ ಸಮೀಪಿಸಿದಂತೆ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಕನ್ನಡದಾಗ ಓದಿದೋರಿಗಿ ಕಂಪ್ಯೂಟರ್ ಬರ್ತದೇನ್ರಿ ಸರ್?” ಬರುತ್ತದೆ ಎಂಬುದೇ ನಮ್ಮ ಉತ್ತರ. ಆದರೆ ದಾರಿಯನ್ನು ಮೊದಲೇ ಅರಿತಿರಬೇಕು.

ಗಣಕ ವಿದ್ಯೆಯೆಂದರೆ ಕೀಲಿಮಣೆಯ ಮೇಲೆ ಬೆರಳಾಡಿಸುವುದಷ್ಟೇ ಅಲ್ಲ. ನಮ್ಮ ತಾಂಡೂರಿನ ಮಾರುಕಟ್ಟೆಗೆ ತೊಗರಿ ಬರುತ್ತದೆ. ಯಾರ ಮಾಲು, ಎಷ್ಟು ತೂಕ, ಯಾವ ದರ, ಹಣ ಸಂದಾಯವಾಯಿತೇ—ಈ ವಿವರಗಳನ್ನು ಸಂಗ್ರಹಿಸಿ, ತಪ್ಪಿಲ್ಲದೆ ಕಾಪಾಡಿ, ಬೇಕಾದಾಗ ಒದಗಿಸುವ ಏರ್ಪಾಡೇ ಮಾಹಿತಿ ವ್ಯವಸ್ಥೆ. ಬ್ಯಾಂಕು, ರೈಲ್ವೆಗಳ ಕೆಲಸವೂ ಇದನ್ನೇ ಅವಲಂಬಿಸಿದೆ. ಇಂಥ ಸಾಧನಗಳನ್ನು ಪಾಠ ಕಲಿಸಲು ಬಳಸುವ ಶಾಸ್ತ್ರ ಶೈಕ್ಷಣಿಕ ತಂತ್ರಜ್ಞಾನ. 2017ರಲ್ಲಿ ಆರಂಭವಾದ ‘ದೀಕ್ಷಾ’ ಇದಕ್ಕೊಂದು ಉದಾಹರಣೆ.

ಇನ್ನು ದಾರಿಗಳನ್ನು ನೋಡೋಣ. ಇಂಟರ್‌ಮೀಡಿಯೆಟ್‌ನಲ್ಲಿ ಗಣಿತ, ಭೌತ, ರಸಾಯನ ವಿಷಯಗಳಿರುವ ಎಂ.ಪಿ.ಸಿ. ಓದಿದವರು ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಸೇರಬಹುದು. ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಟೆಕ್. ಸೇರಬಹುದು. ವಾಣಿಜ್ಯ ಓದಿದವರಿಗೆ ಬಿ.ಕಾಂ. ಕಂಪ್ಯೂಟರ್ ಅಪ್ಲಿಕೇಷನ್ಸ್ ಇದೆ. ತೆಲಂಗಾಣದ ಬಿ.ಎಸ್ಸಿ., ಬಿ.ಕಾಂ. ಪ್ರವೇಶಗಳಿಗೆ 2016ರಿಂದ ‘ದೋಸ್ತ್’ ಎಂಬ ಆನ್‌ಲೈನ್ ವ್ಯವಸ್ಥೆಯಿದೆ.

ಬೇಗ ದುಡಿಮೆಗೆ ನಿಲ್ಲಬೇಕಾದವರು ಹತ್ತನೆಯ ತರಗತಿಯಾದೊಡನೆ ಪಾಲಿಸೆಟ್ ಬರೆದು ಮೂರು ವರ್ಷದ ಡಿಪ್ಲೊಮಾ ಮಾಡಬಹುದು. ಮುಂದೆ ಓದುವ ಮನಸ್ಸಾದರೆ ಇಸೆಟ್ ಬರೆದು ಬಿ.ಟೆಕ್.ನ ಎರಡನೆಯ ವರ್ಷಕ್ಕೇ ಸೇರಲು ಅವಕಾಶವುಂಟು. 2008ರಲ್ಲಿ ಸ್ಥಾಪನೆಯಾದ ಬಾಸರದ ಆರ್.ಜಿ.ಯು.ಕೆ.ಟಿ.ಯಲ್ಲಿ ಹತ್ತನೆಯ ತರಗತಿಯ ಅಂಕಗಳ ಆಧಾರದ ಮೇಲೆ ಆರು ವರ್ಷದ ಶಿಕ್ಷಣಕ್ಕೆ ಪ್ರವೇಶ ದೊರೆಯುತ್ತದೆ. ಶಿಕ್ಷಕರಾಗಬಯಸುವವರು ಪದವಿಯ ಬಳಿಕ ಬಿ.ಎಡ್. ಮಾಡಿದರೆ ಗಣಕದ ಅರಿವನ್ನು ತರಗತಿಗೇ ತರಬಹುದು.

ಈ ಪದವಿಗಳ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಇದನ್ನು ನಾವು ಮುಚ್ಚಿಡುವುದಿಲ್ಲ. ಮೊದಲ ಕೆಲವು ತಿಂಗಳು ಕಷ್ಟವಾದೀತು. ಆದರೆ ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ಬುದ್ಧಿಯೇ ಗಣಕ ವಿದ್ಯೆಯ ತಳಹದಿ. ಆ ಬುದ್ಧಿಗೆ ಭಾಷೆಯ ಭೇದವಿಲ್ಲ. ಇಂದು ನಾವು ಗಣಕದಲ್ಲಿ ಸುಲಭವಾಗಿ ಕನ್ನಡ ಬರೆಯುತ್ತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಂಥ ಪರಿಶ್ರಮದ ಫಲ. ಕನ್ನಡ ಬಲ್ಲವರು ಗಣಕವನ್ನೂ ಕಲಿತದ್ದರಿಂದಲೇ ಅದು ಸಾಧ್ಯವಾಯಿತು.

ಆದ್ದರಿಂದ ಇಂದಿನಿಂದಲೇ ಎರಡು ಕೆಲಸ ಮಾಡಿರಿ. ಗಣಿತಕ್ಕೆ ಹೆದರಿ ಅದನ್ನು ಬಿಡಬೇಡಿರಿ. ದಿನಕ್ಕೆ ಐದು ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಬರೆದುಕೊಳ್ಳಿರಿ. ಗೆಳೆಯ ಸೇರಿದನೆಂದು ಯಾವ ವಿಭಾಗವನ್ನೂ ಸೇರಬೇಡಿರಿ. ಹನಿ ಹನಿ ಕೂಡಿದರೆ ಹಳ್ಳ. ನಿಮಗೆ ಶುಭವಾಗಲಿ.